ಸಾವಿನ ಮನೆ ಯಾವುದು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ‘ದಿ ಕ್ವೀನ್’ ಎಂಬ ಬ್ರಿಟಿಷ್ ಚಿತ್ರದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಚಿತ್ರವನ್ನು ಹುಡುಕಿ ನೋಡಿದ ದಾವಣಗೆರೆ ಮತ್ತು ಚಿತ್ರದುರ್ಗದ ಹಲವರು ಪತ್ರ ಬರೆದಿದ್ದಾರೆ. ಆದ್ದರಿಂದ ಈ ಸಲದ ಪುಟವನ್ನೆಲ್ಲ ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ. ಚಿತ್ರ ನೋಡದವರಿಗಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1997ರ ಆಗಸ್ಟ್ 31ರ ನಸುಕಿನಲ್ಲಿ, ಪ್ಯಾರಿಸ್ಸಿನ ಸುರಂಗ ರಸ್ತೆಯೊಂದರಲ್ಲಿ ನಡೆದ ಕಾರು ಅಪಘಾತದಿಂದ, ಬ್ರಿಟನ್ನಿನ ರಾಣಿಯ ಮಗ ಚಾರ್ಲ್ಸ್ ಅವರ ಪತ್ನಿಯಾಗಿದ್ದ ಡಯಾನಾ ತೀರಿಕೊಂಡರು. ಅಂದಿನಿಂದ ಸೆಪ್ಟೆಂಬರ್ 6ರ ಅಂತ್ಯಸಂಸ್ಕಾರದವರೆಗಿನ ಒಂದು ವಾರದಲ್ಲಿ ರಾಣಿ ಎರಡನೇ ಎಲಿಜಬೆತ್, ನಾಲ್ಕು ತಿಂಗಳ ಹಿಂದಷ್ಟೇ ಪ್ರಧಾನಿಯಾಗಿದ್ದ ಟೋನಿ ಬ್ಲೇರ್ ಮತ್ತು ಅರಮನೆಯ ಗೇಟಿನ ಮುಂದೆ ಹೂವಿನ ರಾಶಿ ಹಾಕುತ್ತಿದ್ದ ಜನ, ಇವರ ನಡುವೆ ನಡೆದದ್ದೇ ಚಿತ್ರದ ವಸ್ತು. ಸ್ಟೀಫನ್ ಫ್ರಿಯರ್ಸ್ ನಿರ್ದೇಶಿಸಿದ, ಪೀಟರ್ ಮಾರ್ಗನ್ ಚಿತ್ರಕಥೆ ಬರೆದ ಈ ಚಿತ್ರ 2006ರಲ್ಲಿ ತೆರೆಕಂಡಿತು. ರಾಣಿಯ ಪಾತ್ರ ವಹಿಸಿದ ಹೆಲೆನ್ ಮಿರೆನ್ ಅವರಿಗೆ ಶ್ರೇಷ್ಠ ನಟಿಯೆಂದು ಆಸ್ಕರ್ ಪ್ರಶಸ್ತಿ ಬಂದಿತು.

ಪ್ರಶ್ನೆ: ಚಿತ್ರ ನೋಡುತ್ತಾ ನನಗೆ ಮರುಕಕ್ಕಿಂತ ಸಿಟ್ಟೇ ಹೆಚ್ಚು ಬಂದಿತು. ಸೊಸೆಯಾಗಿದ್ದವಳು ಸತ್ತಿದ್ದಾಳೆ, ಅತ್ತೆ ಬೆಟ್ಟದ ಮೇಲಿನ ಅರಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದಾರೆ. ಐದು ದಿನ ಒಂದು ಮಾತೂ ಇಲ್ಲ. ಇಂಥವರ ಮೇಲೆ ಕನಿಕರ ತೋರಿಸಿ ಎಂದು ನಿರ್ದೇಶಕರು ನಮ್ಮನ್ನು ಹೇಗೆ ಕೇಳುತ್ತಾರೆ?
– ನಿವೃತ್ತ ಶಿಕ್ಷಕಿ, ಚಿತ್ರದುರ್ಗ

ಉತ್ತರ: ಅಮ್ಮಾ, ತಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿನ ಬೇರು ಎಲ್ಲಿದೆ ಎಂದು ನೋಡಿದರೆ ಚಿತ್ರ ಇನ್ನಷ್ಟು ಅರ್ಥವಾಗುತ್ತದೆ ಎಂದು ನನಗೆ ತೋರುತ್ತದೆ. ನಮ್ಮ ಕಡೆ ಸಾವಾದ ಮನೆಗೆ ಹೋಗುವುದಕ್ಕೆ ‘ಮಾತನಾಡಿಸಿಕೊಂಡು ಬರುವುದು’ ಎನ್ನುತ್ತೇವೆ. ಮಣ್ಣಿಗೆ ಹೋಗಲಾಗದವರು ಮೂರು ದಿನ ಬಿಟ್ಟಾದರೂ ಹೋಗುತ್ತಾರೆ, ಚಾಪೆಯ ಮೇಲೆ ಕುಳಿತು ಯಾವಾಗ ಆಯಿತು, ಹೇಗಾಯಿತು ಎಂದು ಕೇಳುತ್ತಾರೆ. ವಿಷಯವೆಲ್ಲ ಮೊದಲೇ ಗೊತ್ತಿದ್ದರೂ ಕೇಳುತ್ತಾರೆ, ಮನೆಯವರು ನೂರು ಸಲ ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತಾರೆ. ಎದ್ದು ಹೊರಡುವಾಗ ‘ಹೋಗಿ ಬರುತ್ತೇನೆ’ ಎನ್ನುವುದಿಲ್ಲ. ಇದರಲ್ಲಿ ಯಾರು ಯಾರನ್ನು ಮಾತನಾಡಿಸಬೇಕು ಎಂಬ ಬಗ್ಗೆ ಯಾರಿಗೂ ಅನುಮಾನವಿಲ್ಲ. ದುಃಖ ಮನೆಯವರದು, ಮಾತು ಹೊರಗಿನಿಂದ ಬಂದವರದು.

1997ರ ಆ ವಾರ ಬ್ರಿಟನ್ನಿನಲ್ಲಿ ಸಾವಿನ ಮನೆ ಯಾವುದು ಎಂಬುದೇ ಇತ್ಯರ್ಥವಾಗಲಿಲ್ಲ. ರಾಣಿಯ ದೃಷ್ಟಿಯಲ್ಲಿ ಅದು ಸ್ಕಾಟ್ಲೆಂಡಿನ ಬಾಲ್ಮೋರಲ್ ಅರಮನೆ. ಏಕೆಂದರೆ ತಾಯಿಯನ್ನು ಕಳೆದುಕೊಂಡ 15 ಮತ್ತು 12 ವರ್ಷದ ಇಬ್ಬರು ಹುಡುಗರು ಅಲ್ಲಿದ್ದರು. ಜನರ ದೃಷ್ಟಿಯಲ್ಲಿ ಅದು ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಗೇಟು. ಏಕೆಂದರೆ ಕಳೆದುಕೊಂಡವರು ತಾವೇ ಎಂದು ಅವರು ನಂಬಿದ್ದರು, ಅರಮನೆಯ ಯಜಮಾನಿ ಬಂದು ತಮ್ಮನ್ನು ಮಾತನಾಡಿಸಲಿ ಎಂದು ಕಾದಿದ್ದರು. ಹೀಗೆ ಎರಡು ಕಡೆಯವರೂ ಚಾಪೆಯ ಮೇಲೆ ಕುಳಿತು, ಬಾಗಿಲಿನ ಕಡೆ ನೋಡುತ್ತಾ, ಬರಬೇಕಾದವರು ಇನ್ನೊಬ್ಬರು ಎಂದುಕೊಂಡ ಸ್ಥಿತಿ ಅದು. ಚಿತ್ರದ ಸಂಘರ್ಷವೆಲ್ಲ ಹುಟ್ಟುವುದು ಈ ಒಂದು ಅಂಶದಿಂದ ಎಂದು ನಾನು ತಿಳಿದಿದ್ದೇನೆ.

ಸೊಸೆಯ ಮಾತಿಗೂ ಒಂದು ತಿದ್ದುಪಡಿ ಬೇಕು. ಚಾರ್ಲ್ಸ್ ಮತ್ತು ಡಯಾನಾ ಅವರ ವಿಚ್ಛೇದನ 1996ರ ಆಗಸ್ಟ್ 28ರಂದು ಪೂರ್ಣವಾಗಿತ್ತು; ರಾಜಮನೆತನದವರ ಹೆಸರಿನ ಮುಂದೆ ಬರುವ ಗೌರವ ಪದವಿಯನ್ನೂ ಡಯಾನಾ ಅಂದೇ ಕಳೆದುಕೊಂಡಿದ್ದರು. ಹಾಗಾಗಿ ಅಂತ್ಯಸಂಸ್ಕಾರ ತವರುಮನೆಯಾದ ಸ್ಪೆನ್ಸರ್ ಕುಟುಂಬದ ಖಾಸಗಿ ವಿಷಯ ಎಂದು ಚಿತ್ರದ ರಾಣಿ ಮೊದಲ ದಿನ ಹೇಳುವುದು ಹೃದಯವಿಲ್ಲದ ಮಾತಲ್ಲ. ಅವರು ಬೆಳೆದ ಕಟ್ಟುಪಾಡಿನ ಮಾತು. 1936ರಲ್ಲಿ ದೊಡ್ಡಪ್ಪ ಪ್ರೀತಿಗಾಗಿ ಸಿಂಹಾಸನ ಬಿಟ್ಟುಹೋದದ್ದರಿಂದ ತಂದೆಯ ತಲೆಯ ಮೇಲೆ ಕಿರೀಟ ಬಂದುದನ್ನು ಹತ್ತು ವರ್ಷದ ಬಾಲಕಿಯಾಗಿ ಕಂಡವರು ಅವರು, ಯುದ್ಧಕಾಲದಲ್ಲಿ ಬೆಳೆದವರು, 25ನೇ ವಯಸ್ಸಿಗೆ ರಾಣಿಯಾದವರು. ನಾಲ್ಕು ಜನರೆದುರು ಅಳಬಾರದು ಎಂಬುದು ಆ ತಲೆಮಾರಿನ ಶಿಸ್ತು. ನಮ್ಮ ಮನೆಗಳಲ್ಲೂ ಹೆಣದ ಮುಂದೆ ಕಣ್ಣೀರು ಹಾಕದೆ, ಬಂದವರಿಗೆ ನೀರು ಕೊಡಿ, ಮಕ್ಕಳಿಗೆ ಊಟ ಹಾಕಿ ಎಂದು ಓಡಾಡುವ ಅಜ್ಜಿಯರಿದ್ದರು. ಅವರನ್ನು ಕಲ್ಲೆದೆಯವರೆಂದು ನಾವು ಕರೆಯಲಿಲ್ಲ.

ಆದರೂ ರಾಣಿ ಮಾಡಿದ್ದೆಲ್ಲ ಸರಿ ಎಂದು ನಾನು ವಾದಿಸುವುದಿಲ್ಲ. ನನ್ನ ತೀರ್ಮಾನ ಹೀಗಿದೆ: ಮಂಗಳವಾರದವರೆಗೆ ಅಜ್ಜಿ ಮಾಡಿದ್ದು ಸರಿ, ಗುರುವಾರದ ಹೊತ್ತಿಗೆ ರಾಣಿ ಮಾಡುತ್ತಿದ್ದದ್ದು ತಪ್ಪು. ಮೊಮ್ಮಕ್ಕಳನ್ನು ಕ್ಯಾಮೆರಾಗಳಿಂದ ದೂರ ಇಡುವುದು ಅಜ್ಜಿಯ ಧರ್ಮ. ಆದರೆ ರಾಜತ್ವ ಎಂಬುದು ಜನರ ಮುಂದೆ ಕಾಣಿಸಿಕೊಳ್ಳುವುದರಿಂದಲೇ ಬದುಕಿರುವ ಪದವಿ. ಕಾನೂನು ಮಾಡುವ ಅಧಿಕಾರ ಸಂಸತ್ತಿಗೆ ಹೋದ ಮೇಲೆ ಅದಕ್ಕೆ ಉಳಿದಿರುವ ದೊಡ್ಡ ಕೆಲಸವೆಂದರೆ ಸಂತೋಷದಲ್ಲೂ ಸಂಕಟದಲ್ಲೂ ದೇಶದ ಹಿರಿಯರಾಗಿ ಎದುರಿಗೆ ನಿಲ್ಲುವುದು. ಜನ ಮೊದಲ ಬಾರಿಗೆ ಅದನ್ನು ಬಾಯಿಬಿಟ್ಟು ಕೇಳಿದಾಗ ಆ ಕುರ್ಚಿ ಖಾಲಿಯಿತ್ತು. ಮರುಕ ಪಡಬೇಕಾದದ್ದು ಇಲ್ಲಿ. ಎರಡು ಕರ್ತವ್ಯಗಳು ಒಬ್ಬರನ್ನೇ ಎರಡು ಕಡೆಯಿಂದ ಎಳೆಯುತ್ತಿದ್ದವು. ಒಂದನ್ನು ಹಿಡಿದದ್ದಕ್ಕಾಗಿಯೇ ಅವರು ಇನ್ನೊಂದರಲ್ಲಿ ಸೋತರು.

ಪ್ರಶ್ನೆ: ಚಿತ್ರದಲ್ಲಿ ಬಾವುಟದ ಬಗ್ಗೆ ಅಷ್ಟೊಂದು ಗಲಾಟೆ ಏಕೆ? ನಮ್ಮಲ್ಲಿ ಗಣ್ಯರು ತೀರಿಕೊಂಡರೆ ಬಾವುಟವನ್ನು ಅರ್ಧಕ್ಕೆ ಇಳಿಸುತ್ತಾರೆ. ಅಲ್ಲಿ ಅರಮನೆಯ ಕಂಬ ಬರಿದಾಗಿತ್ತು ಎಂಬುದು ನನಗೆ ಅರ್ಥವಾಗಲಿಲ್ಲ.
– ಕಾನೂನು ವಿದ್ಯಾರ್ಥಿ, ದಾವಣಗೆರೆ

ಉತ್ತರ: ಒಳ್ಳೆಯ ಪ್ರಶ್ನೆ, ಚಿತ್ರ ಇದನ್ನು ಬ್ರಿಟಿಷ್ ಪ್ರೇಕ್ಷಕರಿಗೆ ಗೊತ್ತಿದೆ ಎಂದು ತಿಳಿದು ಬೇಗ ದಾಟಿಬಿಡುತ್ತದೆ. ಅಲ್ಲಿ ಎರಡು ಬಾವುಟಗಳಿವೆ. ಒಂದು ದೇಶದ ಬಾವುಟ. ಇನ್ನೊಂದು ದೊರೆಯ ಸ್ವಂತ ಧ್ವಜ. ದೊರೆ ಯಾವ ಅರಮನೆಯಲ್ಲಿ ಇರುತ್ತಾರೋ ಅಲ್ಲಿ ಮಾತ್ರ ಅದು ಹಾರುತ್ತದೆ. ಬಕಿಂಗ್‌ಹ್ಯಾಮ್ ಅರಮನೆಯ ಮೇಲೆ ಆಗಿನ ಪದ್ಧತಿಯಂತೆ ಈ ಎರಡನೆಯದಷ್ಟೇ ಹಾರುತ್ತಿತ್ತು. ರಾಣಿ ಬಾಲ್ಮೋರಲ್‌ನಲ್ಲಿ ಇದ್ದುದರಿಂದ ಲಂಡನ್ನಿನ ಕಂಬ ಬರಿದಾಗಿತ್ತು. ಅರ್ಧಕ್ಕೆ ಇಳಿಸಲು ಅಲ್ಲಿ ಬಾವುಟವೇ ಇರಲಿಲ್ಲ. ರಾಣಿ ಇದ್ದಿದ್ದರೂ ಇಳಿಸುತ್ತಿರಲಿಲ್ಲ. ದೊರೆಯ ಧ್ವಜ ಯಾರ ಸಾವಿಗೂ, ದೊರೆಯ ಸಾವಿಗೂ ತಗ್ಗುವುದಿಲ್ಲ. ಒಬ್ಬರು ಕಣ್ಣುಮುಚ್ಚಿದ ಕ್ಷಣವೇ ಮುಂದಿನವರು ದೊರೆ. ಸಿಂಹಾಸನ ಒಂದು ಗಳಿಗೆಯೂ ಬರಿದಾಗದು ಎಂಬ ತತ್ವ ಅದರ ಹಿಂದಿದೆ.

ಇದು ನಮಗೆ ಅಪರಿಚಿತವಾದ ವಿಚಾರವೇನಲ್ಲ. ನಮ್ಮ ಎರಡೂ ಜಿಲ್ಲೆಗಳು ಮಠಗಳ ನಾಡು. ಗುರುಗಳು ಲಿಂಗೈಕ್ಯರಾಗುತ್ತಾರೆ, ಪೀಠ ಲಿಂಗೈಕ್ಯವಾಗುವುದಿಲ್ಲ. ಮಠದ ಭಕ್ತರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮ ಮಠದ ಭಕ್ತರಿಗೆ ತಿಳಿದಿರುವುದು ಲಂಡನ್ನಿನ ಬೀದಿಯಲ್ಲಿ ನಿಂತವರಿಗೆ ತಿಳಿದಿರಲಿಲ್ಲ, ಅಥವಾ ಆ ವಾರ ಅವರಿಗೆ ಅದು ಬೇಕಾಗಿರಲಿಲ್ಲ. ಬರಿಯ ಕಂಬವನ್ನು ನೋಡಿ ಅವರು ಓದಿಕೊಂಡದ್ದು ಒಂದೇ ಅರ್ಥ: ಈ ಮನೆಯವರಿಗೆ ಏನೂ ಅನ್ನಿಸಿಲ್ಲ.

ಕೊನೆಗೆ ಸೆಪ್ಟೆಂಬರ್ 6ರಂದು ರಾಣಿ ಅಂತ್ಯಸಂಸ್ಕಾರಕ್ಕಾಗಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚಿಗೆ ಹೊರಟ ಮೇಲೆ, ದೊರೆಯ ಧ್ವಜದ ಜಾಗದಲ್ಲಿ ದೇಶದ ಬಾವುಟವನ್ನು ಏರಿಸಿ ಅರ್ಧಕ್ಕೆ ನಿಲ್ಲಿಸಲಾಯಿತು. ನಿಯಮ ಮುರಿಯಲಿಲ್ಲ, ಜನರ ಬೇಡಿಕೆಯೂ ಸಂದಿತು. ಆಮೇಲೆ ದೊರೆ ಇಲ್ಲದ ದಿನಗಳಲ್ಲಿ ಅಲ್ಲಿ ದೇಶದ ಬಾವುಟ ಹಾರಿಸುವುದು ಪದ್ಧತಿಯಾಯಿತು. 2022ರ ಸೆಪ್ಟೆಂಬರ್ 8ರಂದು ರಾಣಿ ಅದೇ ಬಾಲ್ಮೋರಲ್‌ನಲ್ಲಿ ತೀರಿಕೊಂಡಾಗ ಆ ಕಂಬದ ಮೇಲೆ ಅರ್ಧಕ್ಕಿಳಿದು ನಿಂತದ್ದು ಡಯಾನಾ ಅವರಿಗಾಗಿ ಮೊದಲು ಏರಿದ ಆ ದೇಶದ ಬಾವುಟವೇ. ನೀವು ಕಾನೂನು ಓದುತ್ತಿರುವವರು. ಬರೆಯದ ಸಂಪ್ರದಾಯವೊಂದು ಬೀದಿಯ ಒತ್ತಡದಿಂದ ಒಂದೇ ವಾರದಲ್ಲಿ ಹೇಗೆ ಬದಲಾಯಿತು ಎಂಬುದಕ್ಕೆ ಇದನ್ನು ಉದಾಹರಣೆಯಾಗಿ ಇಟ್ಟುಕೊಳ್ಳಿ.

ಪ್ರಶ್ನೆ: 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ದಾವಣಗೆರೆಯಿಂದ ರಾತ್ರೋರಾತ್ರಿ ಹೊರಟು ಕಂಠೀರವ ಕ್ರೀಡಾಂಗಣದ ಸಾಲಿನಲ್ಲಿ ನಿಂತವರಲ್ಲಿ ನಾನೂ ಒಬ್ಬ. ಚಿತ್ರದಲ್ಲಿ ಲಂಡನ್ನಿನ ಜನ ಅಳುವುದನ್ನು ಕಂಡಾಗ ನಮ್ಮ ನೆನಪೇ ಬಂದಿತು. ಮುಖ ಪರಿಚಯವೂ ಇಲ್ಲದವರಿಗಾಗಿ ಜನ ಹೀಗೆ ಅಳುವುದು ಸಹಜವೇ?
– ಬಟ್ಟೆ ಅಂಗಡಿಯ ವ್ಯಾಪಾರಿ, ದಾವಣಗೆರೆ

ಉತ್ತರ: ಸಹಜ. ಆ ಅಳು ಸುಳ್ಳು ಎಂದು ಹೇಳುವವರ ಜೊತೆ ನಾನು ಒಪ್ಪುವುದಿಲ್ಲ, ಚಿತ್ರದಲ್ಲಿ ಹಾಗೆ ಭಾವಿಸುವ, ರಾಣಿಯ ಪತಿ ಪ್ರಿನ್ಸ್ ಫಿಲಿಪ್ ಅವರ ಪಾತ್ರದೊಂದಿಗೂ ಒಪ್ಪುವುದಿಲ್ಲ. ದಾವಣಗೆರೆ ಹೊಸ ಜಿಲ್ಲೆಯಾದ ತಿಂಗಳೇ ಡಯಾನಾ ತೀರಿಕೊಂಡದ್ದು. ಆ ಸೆಪ್ಟೆಂಬರಿನ ಶನಿವಾರ ನಮ್ಮ ಬೀದಿಯ ಹೆಂಗಸರು ಒಂದೇ ಟಿ.ವಿ.ಯ ಮುಂದೆ ಕುಳಿತು, ಶವಪೆಟ್ಟಿಗೆಯ ಹಿಂದೆ ತಲೆ ತಗ್ಗಿಸಿ ನಡೆಯುತ್ತಿದ್ದ ಆ ಇಬ್ಬರು ಹುಡುಗರನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ಅವರಲ್ಲಿ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಹಿಂದಿನ ದಿನವಷ್ಟೇ ಕೋಲ್ಕತ್ತಾದಲ್ಲಿ ಮದರ್ ತೆರೇಸಾ ತೀರಿಕೊಂಡಿದ್ದರು. ಒಂದೇ ವಾರದ ಪತ್ರಿಕೆಗಳಲ್ಲಿ ಎರಡು ಸಾವುಗಳು ಅಕ್ಕಪಕ್ಕ ಇದ್ದವು. ಪರಿಚಯವಿಲ್ಲದವರ ಸಾವಿಗೆ ಅಳುವಾಗ ನಾವು ನಮ್ಮ ಮನೆಯಲ್ಲಿ ಅತ್ತು ಮುಗಿಸದ ಹಳೆಯ ಸಾವುಗಳಿಗೂ ಅಳುತ್ತಿರುತ್ತೇವೆ. ಅದರಿಂದ ಆ ಅಳುವಿನ ಬೆಲೆ ಕಡಿಮೆಯಾಗುವುದಿಲ್ಲ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ಜನರಿಗೆ ಬೇಕಾದದ್ದು ಮುಖ ನೋಡುವುದು. ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡರು; 31ರ ಮುಂಜಾನೆ ಅಂತ್ಯಸಂಸ್ಕಾರವಾಗುವವರೆಗೆ ಕುಟುಂಬದವರು ತಮ್ಮ ಸಂಕಟವನ್ನು ಒತ್ತಟ್ಟಿಗಿಟ್ಟು ಜನರಿಗೆ ದರ್ಶನದ ದಾರಿ ತೆರೆದಿಟ್ಟರು. ನೀವು ಸಾಲಿನಲ್ಲಿ ನಿಂತಿರಿ, ಒಂದು ಕ್ಷಣ ಮುಖ ನೋಡಿದಿರಿ, ಊರಿಗೆ ಬಂದಿರಿ. ದುಃಖಕ್ಕೆ ಹೋಗಲು ಒಂದು ದಾರಿ ಇತ್ತು. ಅದಕ್ಕೂ ಹಿಂದೆ, 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ನೂಕುನುಗ್ಗಲು, ಕಲ್ಲುತೂರಾಟ, ಗೋಲಿಬಾರು ಆಗಿ, ಒಬ್ಬ ಪೊಲೀಸ್ ಸಿಬ್ಬಂದಿಯೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ದಾರಿ ಸಿಗದ ದುಃಖ ಸಿಟ್ಟಾಗಿ ತಿರುಗುವುದನ್ನು ನಾವು ನಮ್ಮ ನೆಲದಲ್ಲೇ ಕಂಡಿದ್ದೇವೆ. ಲಂಡನ್ನಿನಲ್ಲಿ ಕಲ್ಲು ಬೀಳಲಿಲ್ಲ. ಆದರೆ ಅದೇ ಸಿಟ್ಟು ಪತ್ರಿಕೆಗಳ ಮುಖಪುಟಕ್ಕೆ ಏರಿತು. ಡಯಾನಾ ಅವರ ಮುಖ ನೋಡುವ ಅವಕಾಶ ಜನರಿಗಿರಲಿಲ್ಲ. ಅದಕ್ಕೆ ಬದಲಾಗಿ ಅವರು ರಾಣಿಯ ಮುಖವನ್ನು ಕೇಳಿದರು.

ಅರಮನೆಯ ಅಧಿಕಾರಿಗಳಿಗೂ ಒಂದು ನಿಜವಾದ ತೊಡಕು ಇತ್ತು. ರಾಜಮನೆತನದಿಂದ ಹೊರಬಂದ, ಆದರೆ ಮುಂದೊಂದು ದಿನ ದೊರೆಯಾಗಬೇಕಾದ ಹುಡುಗನ ತಾಯಿಯಾದ ಹೆಣ್ಣುಮಗಳಿಗೆ ಯಾವ ರೀತಿಯ ಸಂಸ್ಕಾರ ಎಂಬುದಕ್ಕೆ ಹಿಂದಿನ ನಿದರ್ಶನವೇ ಇರಲಿಲ್ಲ. ಕೊನೆಗೆ 97 ವರ್ಷದ ರಾಜಮಾತೆಗಾಗಿ ಮೊದಲೇ ಸಿದ್ಧಪಡಿಸಿಟ್ಟಿದ್ದ ಯೋಜನೆಯನ್ನೇ ತೆಗೆದು ಬಳಸಿದರು. ತನ್ನ ಸಂಸ್ಕಾರದ ಯೋಜನೆ ಮೊಮ್ಮಗನ ಹೆಂಡತಿಯಾಗಿದ್ದವಳಿಗೆ ಹೋಯಿತು ಎಂದು ಆ ಅಜ್ಜಿ ಕೇಳಿಸಿಕೊಳ್ಳುವ ಘಳಿಗೆ ಚಿತ್ರದಲ್ಲಿ ಕೆಲವೇ ಕ್ಷಣ ಬಂದುಹೋಗುತ್ತದೆ. ಇನ್ನೊಮ್ಮೆ ನೋಡುವಾಗ ಅವರ ಮುಖವನ್ನು ಗಮನಿಸಿ.

ಪ್ರಶ್ನೆ: ರಾಣಿಯ ಮುಂದೆ ಜಿಂಕೆ ಬಂದು ನಿಲ್ಲುವ ದೃಶ್ಯ ನಿಜವಾಗಿ ನಡೆದದ್ದೇ?
– ಗೃಹಿಣಿ, ಹೊಳಲ್ಕೆರೆ, ಚಿತ್ರದುರ್ಗ ಜಿಲ್ಲೆ

ಉತ್ತರ: ಇಲ್ಲ, ಅದು ಮಾರ್ಗನ್ ಅವರ ಕಲ್ಪನೆ. ಆದರೂ ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಸತ್ಯವಾಗಿ ತೋರಿದ ದೃಶ್ಯ ಅದೇ. ರಾಣಿ ತಾವೇ ಜೀಪು ಓಡಿಸಿಕೊಂಡು ಹೊರಡುತ್ತಾರೆ. ಹೊಳೆ ದಾಟುವಾಗ ಗಾಡಿ ಕೆಟ್ಟು ನಿಲ್ಲುತ್ತದೆ. ಏನು ಮುರಿದಿದೆ ಎಂಬುದನ್ನು ಫೋನಿನಲ್ಲಿ ಸರಿಯಾಗಿ ಹೇಳುತ್ತಾರೆ, ಏಕೆಂದರೆ ಎರಡನೇ ಮಹಾಯುದ್ಧದ ಕೊನೆಯಲ್ಲಿ ಅವರು ಸೇನೆಯ ಮಹಿಳಾ ದಳದಲ್ಲಿ ವಾಹನ ದುರಸ್ತಿಯ ತರಬೇತಿ ಪಡೆದವರು. ಇದು ಚರಿತ್ರೆಯ ಸಂಗತಿ. ಆಮೇಲೆ ಬಂಡೆಯ ಮೇಲೆ ಒಬ್ಬರೇ ಕುಳಿತು ಅಳುತ್ತಾರೆ. ಆಗ ಕ್ಯಾಮೆರಾ ಅವರ ಬೆನ್ನ ಹಿಂದೆ ಇದೆ. ದೇಶವೆಲ್ಲ ನೋಡಬೇಕೆಂದು ಹಟ ಹಿಡಿದಿದ್ದ ಆ ಕಣ್ಣೀರನ್ನು ಫ್ರಿಯರ್ಸ್ ನಮಗೂ ತೋರಿಸುವುದಿಲ್ಲ. ಭುಜ ಅಲುಗುವುದಷ್ಟೇ ಕಾಣುತ್ತದೆ. ಆ ಸಂಯಮಕ್ಕಾಗಿ ನಾನು ಈ ನಿರ್ದೇಶಕರನ್ನು ಗೌರವಿಸುತ್ತೇನೆ.

ತಿರುಗಿ ನೋಡಿದರೆ ನಮ್ಮ ಕಡವೆಯನ್ನು ಹೋಲುವ, ಕವಲು ಕವಲಾದ ಕೊಂಬಿನ ದೊಡ್ಡ ಗಂಡು ಜಿಂಕೆ. ಫಿಲಿಪ್ ಮೊಮ್ಮಕ್ಕಳ ಮನಸ್ಸು ಬೇರೆಡೆ ತಿರುಗಲೆಂದು ಅವರನ್ನು ಕರೆದುಕೊಂಡು ಬೇಟೆಗೆ ಹುಡುಕುತ್ತಿದ್ದುದು ಅದನ್ನೇ. ರಾಣಿ ಅದನ್ನು ಓಡಿಸುತ್ತಾರೆ, ಬದುಕಿಕೊಳ್ಳಲಿ ಎಂದು. ಮುಂದೆ ಅದು ಪಕ್ಕದ ಜಮೀನಿನಲ್ಲಿ ಬೇರೆ ಯಾರದೋ ಗುಂಡಿಗೆ ಬಿದ್ದಿತೆಂದು ತಿಳಿದಾಗ ಅವರೇ ಹೋಗಿ ನೋಡುತ್ತಾರೆ. ಆ ಜಿಂಕೆ ಡಯಾನಾ ಎಂದು ಕೆಲವರು, ಹಳೆಯ ರಾಜತ್ವ ಎಂದು ಕೆಲವರು ಹೇಳುತ್ತಾರೆ. ನನಗೆ ಅಷ್ಟು ದೂರ ಹೋಗಬೇಕೆನಿಸುವುದಿಲ್ಲ. ಮಣ್ಣಿಗೆ ಇನ್ನೂ ಹೋಗದ ಒಬ್ಬರು ಕೊನೆಗೂ ಒಂದು ಸಾವಿನ ಮುಂದೆ ಹೋಗಿ ನಿಂತರು. ಲಂಡನ್ನಿಗೆ ಹೋಗುವ ದಾರಿ ಅಲ್ಲಿಂದಲೇ ತೆರೆಯಿತು.

ಪ್ರಶ್ನೆ: ಟೋನಿ ಬ್ಲೇರ್ ಅವರನ್ನು ಚಿತ್ರ ನಾಯಕನನ್ನಾಗಿ ಮಾಡಿದೆಯಲ್ಲವೇ? ರಾಜಕಾರಣಿಯೊಬ್ಬ ಸಾವನ್ನು ತನ್ನ ಹೆಸರಿಗೆ ಬಳಸಿಕೊಂಡ ಎಂದು ನನಗನ್ನಿಸಿತು.
– ಬ್ಯಾಂಕ್ ನೌಕರ, ಚಿತ್ರದುರ್ಗ

ಉತ್ತರ: ಚಿತ್ರ ಅವರ ಬಗ್ಗೆ ಸ್ವಲ್ಪ ಮೃದುವಾಗಿದೆ, ಚಾರ್ಲ್ಸ್ ಮತ್ತು ಫಿಲಿಪ್ ಅವರ ಬಗ್ಗೆ ಸ್ವಲ್ಪ ಕಠಿಣವಾಗಿದೆ; ಇದು ಚಿತ್ರದ ದೋಷವೆಂದೇ ನಾನು ಭಾವಿಸುತ್ತೇನೆ. ಸಾವಾದ ಭಾನುವಾರವೇ ಬ್ಲೇರ್ ಡಯಾನಾ ಅವರನ್ನು ‘ಜನರ ರಾಜಕುಮಾರಿ’ ಎಂದು ಕರೆದರು, ಆ ಒಂದು ಮಾತಿನಿಂದ ಅವರ ಜನಪ್ರಿಯತೆ ಏರಿತು. ಆದರೆ ಮೈಕೆಲ್ ಶೀನ್ ಅಭಿನಯಿಸಿದ ಬ್ಲೇರ್ ವಾರ ಕಳೆದಂತೆ ಬದಲಾಗುತ್ತಾ ಹೋಗುತ್ತಾರೆ. ರಾಣಿಯ ಬಗ್ಗೆ ಹಗುರವಾಗಿ ಮಾತನಾಡಿದ ತಮ್ಮದೇ ಸಹಾಯಕನ ಮೇಲೆ ಎಗರಿಬೀಳುವ ಹಂತಕ್ಕೆ ಬರುತ್ತಾರೆ. ಚಿತ್ರೀಕರಣದಲ್ಲೂ ಒಂದು ಜಾಣ್ಮೆ ಇದೆ: ಅರಮನೆಯ ದೃಶ್ಯಗಳನ್ನು 35 ಎಂ.ಎಂ. ಫಿಲ್ಮಿನಲ್ಲಿ, ಬ್ಲೇರ್ ಅವರ ದೃಶ್ಯಗಳನ್ನು 16 ಎಂ.ಎಂ. ಫಿಲ್ಮಿನಲ್ಲಿ ತೆಗೆದಿದ್ದಾರೆ. ಅದರಿಂದ ಒಂದು ಲೋಕ ತಿಳಿಯಾಗಿ, ನಿಶ್ಚಲವಾಗಿ ಕಾಣುತ್ತದೆ. ಇನ್ನೊಂದು ಒರಟಾಗಿ, ಟಿ.ವಿ. ಸುದ್ದಿಯ ಹಾಗೆ ಕಾಣುತ್ತದೆ.

ಸೆಪ್ಟೆಂಬರ್ 5ರ ಸಂಜೆ ರಾಣಿ ನೇರಪ್ರಸಾರದಲ್ಲಿ ಮಾತನಾಡಿ, ರಾಣಿಯಾಗಿಯೂ ಅಜ್ಜಿಯಾಗಿಯೂ ಹೇಳುತ್ತಿದ್ದೇನೆ ಎಂದರು. ಇದು ನಡೆದ ಸಂಗತಿ. ‘ಅಜ್ಜಿ’ ಎಂಬ ಪದವನ್ನು ಬ್ಲೇರ್ ಅವರ ಕಡೆಯವರು ಸೇರಿಸಿದರು ಎಂದು ಚಿತ್ರ ತೋರಿಸುತ್ತದೆ. ನನ್ನನ್ನು ತುಂಬ ಕಾಡಿದ್ದು ಇದು. ಆ ವಾರವೆಲ್ಲ ಅವರು ಮಾಡಿದ್ದು ಅಜ್ಜಿಯ ಕೆಲಸವನ್ನೇ. ಆದರೆ ಅದನ್ನು ಜನರ ಮುಂದೆ ಹೇಳಿಕೊಳ್ಳಲು ಅವರಿಗೆ ಬರಲಿಲ್ಲ, ಹೊರಗಿನವರ ಲೇಖನಿ ಬೇಕಾಯಿತು. ಕೊನೆಯ ದೃಶ್ಯದಲ್ಲಿ ರಾಣಿ ಬ್ಲೇರ್ ಅವರಿಗೆ, ಜನರ ಪ್ರೀತಿ ನಿಮ್ಮಿಂದಲೂ ಒಂದು ದಿನ ಹಠಾತ್ತನೆ ಸರಿಯುತ್ತದೆ ಎಂದು ಎಚ್ಚರಿಸುತ್ತಾರೆ. 2006ರ ಪ್ರೇಕ್ಷಕರು ಬ್ಲೇರ್ ಅವರ ಜನಪ್ರಿಯತೆಯನ್ನು ಕುಗ್ಗಿಸಿದ ಇರಾಕ್ ಯುದ್ಧವನ್ನು ಕಂಡವರು; ಅವರಿಗೆ ಆ ಮಾತು ಭವಿಷ್ಯವಾಗಿ ಕೇಳಿಸಿರಲಾರದು. ಮರುವರ್ಷ ಜೂನಿನಲ್ಲಿ ಬ್ಲೇರ್ ಅಧಿಕಾರ ಬಿಟ್ಟರು. ಅವರು ಎಲಿಜಬೆತ್ ಅವರ ಹತ್ತನೆಯ ಪ್ರಧಾನಿ, ಮೊದಲನೆಯವರು ಚರ್ಚಿಲ್.

ಪ್ರಶ್ನೆ: ನನ್ನ ತಾಯಿಗೆ ಎಂಬತ್ತು ದಾಟಿದೆ, ಇಂಗ್ಲಿಷ್ ಬರುವುದಿಲ್ಲ. ಅವರ ಜೊತೆ ಕುಳಿತು ಈ ಚಿತ್ರ ನೋಡಬಹುದೇ?
– ಓದುಗರೊಬ್ಬರು, ಹರಿಹರ, ದಾವಣಗೆರೆ ಜಿಲ್ಲೆ

ಉತ್ತರ: ಖಂಡಿತ ನೋಡಿ. ಚಿತ್ರ ಸುಮಾರು ಒಂದೂಮುಕ್ಕಾಲು ಗಂಟೆಯದು, ಒಂದೇ ಸಲಕ್ಕೆ ಮುಗಿಸಬಹುದು. ಮೊದಲೇ ಎರಡು ವಿಷಯ ಹೇಳಿಡಿ: ಸತ್ತವರು ರಾಣಿಯ ಮಗನಿಂದ ಬೇರೆಯಾಗಿದ್ದ ಸೊಸೆ, ತಾಯಿ ಇಲ್ಲದಾದ ಇಬ್ಬರು ಮೊಮ್ಮಕ್ಕಳು ಅಜ್ಜಿಯ ಮನೆಯಲ್ಲಿದ್ದಾರೆ. ಉಳಿದದ್ದು ಅವರಿಗೆ ನಮಗಿಂತ ಬೇಗ ತಿಳಿಯುತ್ತದೆ. ಪ್ರಧಾನಿಯ ಕಚೇರಿಯ ಮಾತುಕತೆ ಉದ್ದವಾಗಿರುವಲ್ಲಿ ನಿಲ್ಲಿಸಿ ಒಂದೆರಡು ವಾಕ್ಯದಲ್ಲಿ ಹೇಳಿ ಮುಂದುವರಿಸಿ.

ಲಂಡನ್ನಿಗೆ ಬಂದ ರಾಣಿ ಕಾರಿನಿಂದ ಇಳಿದು ಗೇಟಿನ ಮುಂದಿನ ಹೂವುಗಳ ಉದ್ದಕ್ಕೂ ನಡೆಯುವ ದೃಶ್ಯ ಬಂದಾಗ ಮಾತ್ರ ಏನನ್ನೂ ವಿವರಿಸಬೇಡಿ. ಹೂಗಳ ಜೊತೆಗಿಟ್ಟ ಚೀಟಿಗಳನ್ನು ಅವರು ಓದುತ್ತಾರೆ. ಕೆಲವು ಚೀಟಿಗಳಲ್ಲಿ ಅವರ ಮನೆಯವರ ಮೇಲೆಯೇ ಕಟುವಾದ ಮಾತುಗಳಿವೆ. ಕೈಯಲ್ಲಿ ಹೂಗುಚ್ಛ ಹಿಡಿದ ಒಬ್ಬ ಪುಟ್ಟ ಹುಡುಗಿಯನ್ನು ನೋಡಿ, ನಿನ್ನ ಪರವಾಗಿ ಅಲ್ಲಿ ಇಟ್ಟು ಬರಲೇ ಎಂದು ಕೇಳುತ್ತಾರೆ. ಹುಡುಗಿ ಬೇಡ ಎನ್ನುತ್ತಾಳೆ. ರಾಣಿಯ ಮುಖ ಕುಂದುತ್ತದೆ. ಆಗ ಹುಡುಗಿ, ಇದು ನಿಮಗೇ ತಂದದ್ದು ಎಂದು ಹೇಳಿ ಹೂವನ್ನು ಅವರ ಕೈಗೆ ಕೊಡುತ್ತಾಳೆ.